ನೀರಿನಲ್ಲಿ ಮುಳುಗಿದ ಕೊಳವೆ ಮತ್ತು ಶಿಶುವಿನ ಉಸಿರು

ಸಾಬೂನಿನ ನೀರಿನಿಂದ ಒಂದು ದೊಡ್ಡ ಗುಳ್ಳೆಯನ್ನೂ ಒಂದು ಚಿಕ್ಕ ಗುಳ್ಳೆಯನ್ನೂ ಊದಿ, ಎರಡನ್ನೂ ಒಂದು ಕೊಳವೆಯಿಂದ ಜೋಡಿಸಿದರೆ ಏನಾದೀತು? ಎರಡೂ ಸಮನಾಗುವುವೆಂದು ನಮ್ಮ ತರಗತಿಗಳಲ್ಲಿ ಹೆಚ್ಚಿನವರು ಉತ್ತರಿಸುವರು. ನಡೆಯುವುದು ಬೇರೆ. ಚಿಕ್ಕದು ಕುಗ್ಗುತ್ತ ಹೋಗಿ ತನ್ನ ಗಾಳಿಯನ್ನೆಲ್ಲ ದೊಡ್ಡದಕ್ಕೆ ಒಪ್ಪಿಸಿಬಿಡುತ್ತದೆ. ಮೇಲ್ಮೈ ಎಳೆತದಿಂದ ಗುಳ್ಳೆಯೊಳಗೆ ಉಂಟಾಗುವ ಹೆಚ್ಚುವರಿ ಒತ್ತಡವು ಅದರ ತ್ರಿಜ್ಯಕ್ಕೆ ವಿಲೋಮಾನುಪಾತದಲ್ಲಿರುವುದೇ ಇದಕ್ಕೆ ಕಾರಣ. ಲಾಪ್ಲಾಸನ ಹೆಸರಿನ ಈ ನಿಯಮವು, ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಅಳಿವು ಉಳಿವುಗಳನ್ನೂ ನಿರ್ಣಯಿಸಬಲ್ಲುದು.

ನಮ್ಮ ಶ್ವಾಸಕೋಶವು ಕೋಟಿಗಟ್ಟಲೆ ಸೂಕ್ಷ್ಮ ಗಾಳಿಗೂಡುಗಳ ಸಮೂಹ. ಅವುಗಳ ಒಳಮೈಯನ್ನು ತೆಳುವಾದ ದ್ರವಪೊರೆಯೊಂದು ಆವರಿಸಿದೆ. ಆ ಪೊರೆಗೆ ನೀರಿನಷ್ಟೇ ಮೇಲ್ಮೈ ಎಳೆತವಿದ್ದಲ್ಲಿ, ಉಸಿರು ಬಿಟ್ಟಾಗಲೆಲ್ಲ ಚಿಕ್ಕ ಗೂಡುಗಳು ಮುಚ್ಚಿಹೋಗುತ್ತಿದ್ದುವು. ಹಾಗಾಗದಂತೆ ಜೀವಕೋಶಗಳು ಸರ್ಫ್ಯಾಕ್ಟೆಂಟ್ ಎಂಬ ಕೊಬ್ಬಿನಂಶದ ವಸ್ತುವನ್ನು ಸ್ರವಿಸಿ ಎಳೆತವನ್ನು ತಗ್ಗಿಸುತ್ತವೆ. ಬಹಳ ಮುಂಚೆ ಹುಟ್ಟಿದ ಶಿಶುಗಳಲ್ಲಿ ಈ ವಸ್ತು ಸಾಲದೆಂಬುದನ್ನು 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿಕೊಟ್ಟರು. 1963ರಲ್ಲಿ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್, ಐದೂವರೆ ವಾರ ಮುಂಚಿತವಾಗಿ ಹುಟ್ಟಿ, ಎರಡು ದಿನ ತುಂಬುವ ಮೊದಲೇ ತೀರಿಕೊಂಡುದು ಈ ಕಾಯಿಲೆಯಿಂದಲೇ.

ಅಂಥ ಶಿಶುವಿನ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಯಂತ್ರದಿಂದ ಗಾಳಿ ತುಂಬಿ ಜೀವ ಉಳಿಸಬಹುದು. ಆದರೆ ಯಂತ್ರವು ಎಳೆಯ ಶ್ವಾಸಕೋಶವನ್ನು ಘಾಸಿಗೊಳಿಸಬಲ್ಲುದು. ಕೊಳವೆ ಸೋಂಕಿಗೂ ದಾರಿ. ಆದುದರಿಂದ ಅದನ್ನು ಆದಷ್ಟು ಬೇಗ ತೆಗೆಯಬೇಕು. ಕಷ್ಟದ ಗಳಿಗೆ ಅದೇ. ಮಗುವಿನ ಪಕ್ಕೆಲುಬುಗಳು ಮೆದು. ಸ್ನಾಯುಗಳು ಬೇಗ ದಣಿಯುತ್ತವೆ. ಮಿದುಳಿನ ಶ್ವಾಸಕೇಂದ್ರ ಇನ್ನೂ ಬಲಿಯದ ಕಾರಣ ಉಸಿರು ನಡುನಡುವೆ ನಿಂತುಹೋಗುತ್ತದೆ. ಗೂಡುಗಳು ಮುಚ್ಚುತ್ತ ಬಂದರೆ ಕೊಳವೆಯನ್ನು ಮತ್ತೆ ಇಳಿಸದೆ ಗತಿಯಿಲ್ಲ.

ಇದಕ್ಕೆ ನೆರವಾದ ಉಪಾಯವನ್ನು ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದರು. ಉಸಿರು ಬಿಡುವಾಗಲೂ ಒತ್ತಡವು ಸೊನ್ನೆಗಿಳಿಯದಂತೆ ಕಾಯುವುದೇ ಅದರ ತಿರುಳು. ಅವರು ಚಿಕಿತ್ಸೆ ನೀಡಿದ 20 ಶಿಶುಗಳಲ್ಲಿ 16 ಬದುಕಿದುವು. ಈಗ ಮೂಗಿನ ಹೊಳ್ಳೆಗಳಲ್ಲಿ ಮೆತ್ತನೆಯ ಗಿಡ್ಡ ನಳಿಕೆಗಳನ್ನಿಟ್ಟು, ಬೆಚ್ಚಗಿನ ತೇವಯುಕ್ತ ಗಾಳಿಯನ್ನು ಹರಿಸುತ್ತಾರೆ. ಒಂದು ವಿಧದ ಉಪಕರಣದಲ್ಲಿ, ಗಾಳಿ ಹೊರಹೋಗುವ ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿರುತ್ತಾರೆ. ಆಳ 5 ಸೆಂ.ಮೀ. ಆದರೆ ಒತ್ತಡ ಸುಮಾರು 490 ಪಾಸ್ಕಲ್, ಎಂದರೆ ವಾಯುಭಾರದ ಇನ್ನೂರರಲ್ಲಿ ಒಂದು ಪಾಲು! ಹೆಚ್ಚಾದ ಗಾಳಿ ಗುಳ್ಳೆಗಳಾಗಿ ಹೊರಬೀಳುತ್ತದೆ. ಇಷ್ಟು ಅಲ್ಪ ಒತ್ತಡ ಸಾಕಾಗುವುದೇಕೆ? ತೆರೆದ ಗೂಡಿನ ತ್ರಿಜ್ಯ ದೊಡ್ಡದು. ಮುಚ್ಚಿದುದನ್ನು ತೆರೆಯುವುದಕ್ಕಿಂತ ತೆರೆದುದನ್ನು ಉಳಿಸಿಕೊಳ್ಳುವುದು ಸುಲಭ.

ಇದೂ ಸಾಲದ ಶಿಶುಗಳಿಗೆ ಅದೇ ನಳಿಕೆಗಳ ಮೂಲಕ ಆಗಾಗ ಹೆಚ್ಚಿನ ಒತ್ತಡವನ್ನು ಕೊಡುವ ಕ್ರಮವುಂಟು. ಸ್ಥಿರ ಒತ್ತಡಕ್ಕಿಂತ ಇದರಲ್ಲಿ ಕೊಳವೆಯನ್ನು ಮತ್ತೆ ಇಳಿಸುವ ಪ್ರಸಂಗ ಕಡಮೆಯೆಂದು ಪರೀಕ್ಷೆಗಳು ತೋರಿಸಿವೆ. ಶ್ವಾಸಕೇಂದ್ರವನ್ನು ಪ್ರಚೋದಿಸಲು ಕೆಫೀನನ್ನೂ ಕೊಡುತ್ತಾರೆ. ನಮ್ಮ ಕಾಫಿಯಲ್ಲಿರುವ ವಸ್ತುವೇ ಅದು. ಆದರೂ ಎಚ್ಚರಿಕೆ ಬೇಕು: ಒತ್ತಡ ಮಿತಿಮೀರಿದರೆ ಗೂಡುಗಳು ಹರಿಯಬಹುದು, ನಳಿಕೆಯ ಒತ್ತಿನಿಂದ ಮೂಗಿಗೆ ಗಾಯವಾಗಬಹುದು.

ವಿದ್ಯಾರ್ಥಿಗಳೇ, ಕೊನೆಗೊಂದು ಲೆಕ್ಕ. ನೀರಿನ ಬದಲು ಪಾದರಸವಿದ್ದರೆ ಕೊಳವೆಯನ್ನು ಎಷ್ಟು ಮುಳುಗಿಸಬೇಕಾಗುತ್ತಿತ್ತು? 4 ಮಿ.ಮೀ.ಗೂ ಕಡಮೆ. ಆಗ ಕೈ ಒಂದು ಮಿಲಿಮೀಟರ್ ತಪ್ಪಿದರೂ ಒತ್ತಡದಲ್ಲಿ ಕಾಲುಭಾಗಕ್ಕೂ ಮೀರಿದ ವ್ಯತ್ಯಾಸ. ನೀರಿನಲ್ಲಾದರೆ ಐವತ್ತರಲ್ಲಿ ಒಂದು ಪಾಲು ಮಾತ್ರ. ಆ ಅಂತರದಲ್ಲಿ ಒಂದು ಕಿಲೋಗ್ರಾಮೂ ತೂಗದ ಮಗುವೊಂದರ ಪ್ರಾಣವಿದೆ.