ರಾತ್ರಿಯ ದಾರಿ, ಬೈಕಿನ ಹೆಡ್‌ಲೈಟ್

ಹೆಡ್‌ಲೈಟ್ ಬದಲಿಸುವ ಬಗ್ಗೆ ಬಂದ ಪತ್ರಗಳು ಮೇಜಿನ ಮೇಲೆ ಗುಡ್ಡೆಯಾಗಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೆಚ್ಚಿನವರು ಕೇಳಿರುವುದು ಒಂದೇ: ಯಾವ ಬಲ್ಬ್ ಹಾಕಿಸಲಿ? ಬಲ್ಬಿನ ಅಂಗಡಿಗೆ ಹೋಗುವ ಮೊದಲು ಬೈಕಿನಲ್ಲೇ ನೋಡಬೇಕಾದ್ದು ಬಹಳ ಇದೆ ಎಂಬುದನ್ನು ಈ ಉತ್ತರಗಳಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಪ್ರಶ್ನೆ: ನನ್ನದು 2012ರ ಕ್ಲಾಸಿಕ್ 350. ತೋಟದಿಂದ ಮನೆಗೆ ಬರುವಾಗ ಕತ್ತಲಾಗಿರುತ್ತದೆ, ದಾರಿಯಲ್ಲಿ ಒಂದು ಬೀದಿದೀಪವೂ ಇಲ್ಲ. ಹೆಡ್‌ಲೈಟ್ ಉರಿಯುತ್ತಿದೆಯೋ ಇಲ್ಲವೋ ಎಂದು ಇಳಿದು ನೋಡುವಷ್ಟು ಮಂಕು. ಗ್ಯಾರೇಜಿನವರು 100/90 ವಾಟಿನ ಬಲ್ಬ್ ಹಾಕಿಸಿ ಎನ್ನುತ್ತಾರೆ. ಹಾಕಿಸಬಹುದೇ?
— ಅಡಿಕೆ ಬೆಳೆಗಾರರು, ಕೊಪ್ಪ

ಉತ್ತರ: ಬೇಡ. ನಿಮ್ಮ ಬೈಕಿಗೆ ಕಂಪನಿ ಕೊಟ್ಟಿರುವುದು 60/55 ವಾಟಿನ ಎಚ್4 ಬಲ್ಬ್. ಅದು ಹೈ ಬೀಮ್‌ನಲ್ಲಿ ಸುಮಾರು 5 ಆಂಪಿಯರ್ ಎಳೆಯುತ್ತದೆ. 100 ವಾಟಿನದು 8 ಆಂಪಿಯರ್‌ಗೂ ಮೇಲೆ. ವೈರು, ಹ್ಯಾಂಡಲಿನ ಸ್ವಿಚ್ಚು, ಬಲ್ಬಿನ ಹಿಂದಿನ ಹೋಲ್ಡರ್, ಯಾವುದನ್ನೂ ಅಷ್ಟು ಕರೆಂಟಿಗೆಂದು ಮಾಡಿಲ್ಲ. ಮೊದಲು ಹೋಲ್ಡರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕರಗುತ್ತದೆ. ಬೆಳಕನ್ನು ರಸ್ತೆಗೆ ಎಸೆಯುವ ಡೂಮಿನ ಒಳಗಿನ ಬೆಳ್ಳಿ ಹೊಳಪು ಶಾಖಕ್ಕೆ ಸುಟ್ಟರಂತೂ ಮತ್ತೆ ಯಾವ ಬಲ್ಬ್ ಹಾಕಿದರೂ ಬೆಳಕು ರಸ್ತೆ ಮುಟ್ಟುವುದಿಲ್ಲ. ಆ ವಾಟಿನ ಬಲ್ಬಿಗೆ ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯೂ ಇಲ್ಲ.

ನನ್ನ ಅನುಮಾನ ಬೇರೆಯೇ ಇದೆ. ಈಗಿರುವ ಬಲ್ಬಿಗೆ ಸಿಗಬೇಕಾದ ವೋಲ್ಟೇಜ್ ಸಿಗುತ್ತಿಲ್ಲ. ಇದನ್ನು ಪರೀಕ್ಷಿಸಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಮಾಡಿ, ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಸಿ. ಹದಿಮೂರೂವರೆಯಿಂದ ಹದಿನಾಲ್ಕು ವೋಲ್ಟ್ ತೋರಿಸಬೇಕು. ಈಗ ಹೆಡ್‌ಲೈಟ್ ಉರಿಯುತ್ತಿರುವಾಗಲೇ ಬಲ್ಬಿನ ಹೋಲ್ಡರಿನ ಹಿಂಭಾಗದಲ್ಲಿ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ದೋಷ ವೈರಿಂಗಿನದು. ಹತ್ತು ವರ್ಷ ದಾಟಿದ, ಮಲೆನಾಡಿನ ಮಳೆ ಕುಡಿದ ಬೈಕಿನಲ್ಲಿ ಒಂದೂವರೆ ವೋಲ್ಟ್ ಕಳೆದುಹೋಗಿದ್ದರೂ ಆಶ್ಚರ್ಯವಿಲ್ಲ. ಬ್ಯಾಟರಿಯಿಂದ ಹೊರಟ ಕರೆಂಟ್ ಕೀ ಸ್ವಿಚ್, ಡಿಮ್-ಡಿಪ್ ಸ್ವಿಚ್, ನಾಲ್ಕಾರು ಕಪ್ಲರ್ ಎಲ್ಲ ದಾಟಿ ಸಣ್ಣ ವೈರಿನಲ್ಲಿ ಬರಬೇಕು. ಬೋರ್‌ವೆಲ್ಲಿನಿಂದ ತೋಟದ ಕೊನೆಯವರೆಗೆ ಸಣ್ಣ ಪೈಪ್ ಎಳೆದರೆ ತುದಿಯಲ್ಲಿ ನೀರಿನ ಒತ್ತಡ ಎಷ್ಟಿರುತ್ತದೆ ಎಂಬುದು ನಿಮಗೇ ಗೊತ್ತು. ಹ್ಯಾಲೊಜನ್ ಬಲ್ಬಿನ ಸ್ವಭಾವವೂ ಇಲ್ಲಿ ಕೈಕೊಡುತ್ತದೆ: ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ.

ಇದಕ್ಕೆ ಪರಿಹಾರ ರಿಲೇ. ಹೈ ಬೀಮಿಗೊಂದು, ಲೋ ಬೀಮಿಗೊಂದು. ಬ್ಯಾಟರಿಯ ಪ್ಲಸ್‌ನಿಂದ 2.5 ಚದರ ಮಿ.ಮೀ. ವೈರನ್ನು 10 ಆಂಪಿಯರ್ ಫ್ಯೂಸ್ ಮೂಲಕ ರಿಲೇಯ 30ನೇ ಪಿನ್ನಿಗೆ, 87ನೇ ಪಿನ್ನಿನಿಂದ ಬಲ್ಬಿಗೆ ಕೊಡಬೇಕು. ಬಲ್ಬಿಗೆ ಬರುತ್ತಿದ್ದ ಹಳೆಯ ವೈರು ಈಗ 86ಕ್ಕೆ ಬಂದು ರಿಲೇಯನ್ನು ಎಬ್ಬಿಸುವ ಕೆಲಸವಷ್ಟೇ ಮಾಡುತ್ತದೆ. 85 ಅರ್ಥಿಗೆ. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ ಇರಲಿ. ದೂರ ಇಟ್ಟರೆ ನಡುವಿನ ವೈರು ಉಜ್ಜಿ ಶಾರ್ಟ್ ಆದಾಗ ರಕ್ಷಣೆ ಇರುವುದಿಲ್ಲ. ಬಲ್ಬಿನ ಅರ್ಥ್ ವೈರನ್ನೂ ನೇರ ಬ್ಯಾಟರಿಯ ಮೈನಸ್‌ಗೆ ತನ್ನಿ. ಪ್ಲಸ್ ವೈರನ್ನು ದಪ್ಪ ಮಾಡಿ ಇದನ್ನು ಮರೆಯುವ ಎಲೆಕ್ಟ್ರಿಷಿಯನ್ನರೇ ಹೆಚ್ಚು. ನಂತರ ಅದೇ 60/55 ವಾಟಿನ, ಒಳ್ಳೆಯ ಕಂಪನಿಯ ಹೊಸ ಬಲ್ಬ್ ಹಾಕಿ. ಗಾಜನ್ನು ಬರಿಗೈಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ತಗುಲಿದ ಜಾಗ ಅತಿಯಾಗಿ ಕಾಯ್ದು ಬಲ್ಬ್ ಬೇಗ ಹೋಗುತ್ತದೆ.

ಬಿಚ್ಚಿದಾಗ ಡೂಮಿನ ಒಳಗೆ ಇಣುಕಿ ನೋಡಿ. ಹೊಳಪು ಎದ್ದು ಕಪ್ಪು ಕಲೆ ಬಿದ್ದಿದ್ದರೆ ಡೂಮನ್ನೇ ಬದಲಿಸಿ. ಬಟ್ಟೆಯಿಂದ ಉಜ್ಜಲು ಹೋದರೆ ಇರುವ ಹೊಳಪೂ ಬಟ್ಟೆಗೇ ಬರುತ್ತದೆ. ಇಷ್ಟು ಮಾಡಿಸಿದರೆ ನಿಮಗೆ ಬೇರೇನೂ ಬೇಕಾಗಲಿಕ್ಕಿಲ್ಲ.

ಪ್ರಶ್ನೆ: ನನ್ನ 150 ಸಿಸಿ ಬೈಕಿಗೆ ಆನ್‌ಲೈನಿನಲ್ಲಿ ತರಿಸಿದ ಎಲ್‌ಇಡಿ ಬಲ್ಬನ್ನು ಹಳೆಯ ಬಲ್ಬಿನ ಜಾಗದಲ್ಲೇ ಕೂರಿಸಿದ್ದೇನೆ. ರಸ್ತೆ ಬೆಳ್ಳಗೆ ಕಾಣುತ್ತದೆ. ಆದರೆ ಎದುರು ಬರುವವರೆಲ್ಲ ಡಿಮ್ ಮಾಡು ಎಂದು ಲೈಟ್ ಹೊಡೆಯುತ್ತಾರೆ, ಬೈಯುತ್ತಾರೆ. ನಾನು ಇರುವುದೇ ಡಿಮ್‌ನಲ್ಲಿ. ಪೊಲೀಸರು ಹಿಡಿದರೆ ಏನಾಗುತ್ತದೆ?
— ಊಟ ತಲುಪಿಸುವ ಕೆಲಸದವರು, ಬೆಂಗಳೂರು

ಉತ್ತರ: ಬೈಯುವವರ ಕಣ್ಣಿಗೆ ನಿಜವಾಗಿಯೂ ಕತ್ತಲೆ ಕವಿಯುತ್ತಿದೆ. ಹ್ಯಾಲೊಜನ್ ಬಲ್ಬಿನೊಳಗೆ ಲೋ ಬೀಮಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ತಟ್ಟೆ ಇರುತ್ತದೆ. ಅದು ಕೆಳಕ್ಕೆ ಹೋಗುವ ಬೆಳಕನ್ನು ತಡೆದು, ಡೂಮಿನ ಮೇಲ್ಭಾಗ ಮಾತ್ರ ಅದನ್ನು ರಸ್ತೆಗೆ ಎಸೆಯುವಂತೆ ಮಾಡುತ್ತದೆ. ಆದ್ದರಿಂದಲೇ ಗೋಡೆಯ ಮೇಲೆ ಬಿಟ್ಟರೆ ಬೆಳಕಿನ ಮೇಲಂಚು ಗೆರೆ ಎಳೆದಂತೆ ನಿಲ್ಲುತ್ತದೆ. ಎಚ್4 ಡೂಮಿನಲ್ಲಿ ಎಡಗಡೆಗೆ ಮಾತ್ರ ಆ ಗೆರೆ ಓರೆಯಾಗಿ ಮೇಲೇರುತ್ತದೆ, ನಮ್ಮ ಎಡಬದಿಯಲ್ಲಿ ನಡೆದು ಹೋಗುವವರು ಕಾಣಲೆಂದು. ಡೂಮಿನ ಒಂದೊಂದು ಬಾಗೂ ಆ ತಂತಿ ಕೂರುವ ಜಾಗವನ್ನು ಲೆಕ್ಕ ಹಾಕಿ ಮಾಡಿದ್ದು. ನೀವು ಹಾಕಿರುವ ಎಲ್‌ಇಡಿಯಲ್ಲಿ ಬೆಳಕು ಹುಟ್ಟುವುದು ಒಂದು ಪಟ್ಟಿಯ ಎರಡು ಮಗ್ಗುಲಲ್ಲಿ. ಜಾಗ ಒಂದೆರಡು ಮಿ.ಮೀ. ತಪ್ಪಿದರೂ ಗೆರೆ ಕಲಸಿಹೋಗಿ ಬೆಳಕು ಎದುರಿನವರ ಕಣ್ಣಿಗೆ ನುಗ್ಗುತ್ತದೆ.

ನಿಮಗೂ ಇದರಿಂದ ಲಾಭವಾಗುತ್ತಿಲ್ಲ. ಚಕ್ರದ ಮುಂದಿನ ಹತ್ತಿಪ್ಪತ್ತು ಮೀಟರ್ ಥಳಥಳ ಹೊಳೆದರೆ ಕಣ್ಣಿನ ಪಾಪೆ ಕುಗ್ಗುತ್ತದೆ, ಆಗ ದೂರದ ಮಸುಕು ವಸ್ತು ಇನ್ನಷ್ಟು ಮರೆಯಾಗುತ್ತದೆ. ಅಪಾಯ ಬರುವುದು ಆ ದೂರದಿಂದ. ಚೆನ್ನಾಗಿ ಕಾಣುತ್ತಿದೆ ಎಂಬ ಧೈರ್ಯದಲ್ಲಿ ವೇಗವೂ ಏರಿರುತ್ತದೆ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ನಿಗದಿ ಮಾಡಿದ್ದನ್ನು ಮಾಲೀಕರು ತಮಗೆ ತೋಚಿದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ, ಒಂದೊಂದಕ್ಕೂ, 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಆಗಬಹುದು. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧವೇ ವಿಶೇಷ ಕಾರ್ಯಾಚರಣೆ ನಡೆಸಿದ್ದರು. ದಂಡ ಬೀಳದಿದ್ದರೂ ನನ್ನ ಮಾತು ಅದೇ: ಇವತ್ತೇ ತೆಗೆದು ಹಳೆಯ ಬಲ್ಬ್ ಹಾಕಿ. ಎದುರಿನ ಸ್ಕೂಟರಿನಲ್ಲಿ ಮಗು ಕೂತಿರಬಹುದು. ಎಲ್‌ಇಡಿಯೇ ಬೇಕಾದರೆ ನಿಮ್ಮ ಮಾದರಿಗೆ ಕಂಪನಿ ಎಲ್‌ಇಡಿಗೆಂದೇ ರೂಪಿಸಿದ ಇಡೀ ಹೆಡ್‌ಲ್ಯಾಂಪ್ ಇದೆಯೇ ಎಂದು ಶೋರೂಮಿನಲ್ಲಿ ವಿಚಾರಿಸಿ. ಪ್ರೊಜೆಕ್ಟರ್ ಲೆನ್ಸ್ ಎಂದು ವಿದೇಶದಿಂದ ಬರುವ ಕೆಲವು ಲ್ಯಾಂಪ್‌ಗಳು ಬಲಬದಿಯಲ್ಲಿ ಸಂಚರಿಸುವ ದೇಶಗಳಿಗೆ ಮಾಡಿದವು. ಅವುಗಳ ಗೆರೆ ಬಲಕ್ಕೆ ಏರುತ್ತದೆ, ಅಂದರೆ ನಮ್ಮಲ್ಲಿ ನೇರ ಎದುರಿನವರ ಮುಖಕ್ಕೆ.

ಪ್ರಶ್ನೆ: ಹಳೆಯ ಸ್ಪ್ಲೆಂಡರ್. ಬೆಳಗಿನ ಜಾವ ಡೇರಿಗೆ ಹಾಲು ಹಾಕಲು ಹೋಗುತ್ತೇನೆ. ಹಂಪ್ ಹತ್ತಿರ ನಿಧಾನ ಮಾಡಿದರೆ ಲೈಟೂ ಕುಸಿಯುತ್ತದೆ, ರೇಸ್ ಕೊಟ್ಟರೆ ಏರುತ್ತದೆ. ಬುಲೆಟ್ಟಿನ ಬಲ್ಬ್ ಹಾಕಿದರೆ ಸರಿಹೋಗುತ್ತಾ?
— ಹಾಲು ಉತ್ಪಾದಕರು, ಮದ್ದೂರು

ಉತ್ತರ: ಇನ್ನೂ ಹಾಳಾಗುತ್ತದೆ. ನಿಮ್ಮ ಬೈಕಿನ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವುದಿಲ್ಲ, ಮ್ಯಾಗ್ನೆಟ್ ಕಾಯಿಲಿನ ಎಸಿ ಕರೆಂಟಿನಿಂದ ಉರಿಯುತ್ತದೆ. ಎಂಜಿನ್ ನಿಧಾನವಾದರೆ ಬೆಳಕೂ ಇಳಿಯುವುದು ಅದರ ಗುಣ. ಆ ಕಾಯಿಲಿನ ಶಕ್ತಿ 35/35 ವಾಟಿಗೆ ತಕ್ಕಷ್ಟು. ಬುಲೆಟ್ಟಿನ 60 ವಾಟಿನ ಬಲ್ಬ್ ಹಾಕಿದರೆ ವೋಲ್ಟೇಜ್ ಕುಸಿದು ಈಗಿನದಕ್ಕಿಂತ ಕೆಂಪಗೆ ಉರಿಯುತ್ತದೆ. ರೆಗ್ಯುಲೇಟರ್ ಮತ್ತು ಅದರ ಅರ್ಥ್ ಸರಿ ಇದೆಯೇ ನೋಡಿಸಿ. ಹಂಪ್ ಬಂದಾಗ ಗೇರ್ ಒಂದು ಇಳಿಸಿ, ಎಂಜಿನ್ ಸುತ್ತು ಹೆಚ್ಚಿದ್ದರೆ ಬೆಳಕು ನಿಲ್ಲುತ್ತದೆ. ಡಿಸಿ ಕನ್ವರ್ಷನ್ ಮಾಡಿಸಬೇಕೆಂದರೆ ಕಾಯಿಲಿನ ಅರ್ಥ್ ಬಿಡಿಸಿ ಬೇರೆ ರೆಗ್ಯುಲೇಟರ್ ಕೂರಿಸಬೇಕು; ಅದನ್ನು ಬಲ್ಲವರ ಕೈಯಲ್ಲೇ ಮಾಡಿಸಿ. ಹೆಡ್‌ಲೈಟ್ ವೈರನ್ನು ಸುಮ್ಮನೆ ಬ್ಯಾಟರಿಗೆ ಜೋಡಿಸಿದರೆ ಕೆಲವೇ ದಿನಕ್ಕೆ ಬ್ಯಾಟರಿ ಮಲಗುತ್ತದೆ.

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದ ಮಂಜಿಗೆ ಹಳದಿ ಲೈಟ್ ಒಳ್ಳೆಯದೇ?
— ಬ್ಯಾಂಕ್ ಉದ್ಯೋಗಿ, ಉಜಿರೆ

ಉತ್ತರ: ಹಳದಿ ಬೆಳಕು ಮಂಜನ್ನು ಸೀಳಿ ಹೋಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಮಂಜಿನ ಹನಿಗಳು ಬೆಳಕಿನ ಅಲೆಗಳಿಗಿಂತ ಬಹಳ ದೊಡ್ಡವು. ಹಾಗಾಗಿ ಅವು ಹಳದಿ, ಬಿಳಿ ಎರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಆದರೂ ನೀಲಿ ಬೆರೆತ ಬಿಳಿಗಿಂತ ಹಳದಿ ಕಣ್ಣಿಗೆ ಹಿತ, ಅಷ್ಟರಮಟ್ಟಿಗೆ ಅದಕ್ಕೆ ನನ್ನ ಓಟು. ಹೆಚ್ಚು ಮುಖ್ಯವಾದದ್ದು ದೀಪ ಇರುವ ಎತ್ತರ ಮತ್ತು ಅದರ ಮೇಲಂಚು. ಕೆಳಗೆ ಕೂರಿಸಿದ, ಅಗಲವಾಗಿ ಹರಡುವ, ಮೇಲಕ್ಕೆ ಚೆಲ್ಲದ ಫಾಗ್ ಲ್ಯಾಂಪ್ ರಸ್ತೆಯ ಅಂಚಿನ ಬಿಳಿ ಗೆರೆಯನ್ನು ತೋರಿಸುತ್ತದೆ, ಘಾಟಿಯಲ್ಲಿ ಬೇಕಾದ್ದು ಅದು. ಹೈ ಬೀಮ್ ಹಾಕಿದಿರೋ ಮುಂದೆ ಬಿಳಿ ಗೋಡೆ ಏಳುತ್ತದೆ. ನಿಮ್ಮ ಬೈಕಿಗೆ ಕಂಪನಿಯೇ ಮಾರುವ ಫಾಗ್ ಲ್ಯಾಂಪ್ ಇದ್ದರೆ ಅದನ್ನೇ ಪ್ರತ್ಯೇಕ ಸ್ವಿಚ್ ಸಮೇತ ಹಾಕಿಸಿ, ಕೊಟ್ಟಿಗೆಹಾರದಿಂದ ಕೆಳಗಿಳಿದು ಮಂಜು ಕರಗಿದ ಮೇಲೆ ಆರಿಸಿ. ಕ್ರ್ಯಾಶ್ ಗಾರ್ಡಿಗೆ ಸಾಲಾಗಿ ಕಟ್ಟುವ ಚೌಕಾಕಾರದ ಬಿಳಿ ಎಲ್‌ಇಡಿಗಳು ಮಂಜಿಗೂ ಪ್ರಯೋಜನವಿಲ್ಲ, ಎದುರಿನ ಬಸ್ಸಿನ ಚಾಲಕರಿಗೂ ಕಂಟಕ.

ಪ್ರಶ್ನೆ: ಒಬ್ಬನೇ ಹೋಗುವಾಗ ಲೈಟ್ ಸರಿಯಾಗಿರುತ್ತದೆ. ಮನೆಯವರನ್ನು ಕೂರಿಸಿಕೊಂಡರೆ ಮರದ ಕೊಂಬೆಗಳೆಲ್ಲ ಕಾಣುತ್ತವೆ, ರಸ್ತೆ ಕಾಣುವುದಿಲ್ಲ.
— ಅಂಗಡಿ ಮಾಲೀಕರು, ಹುಬ್ಬಳ್ಳಿ

ಉತ್ತರ: ಹಿಂದೆ ಭಾರ ಬಿದ್ದಾಗ ಸಸ್ಪೆನ್ಷನ್ ಕುಸಿದು ಬೈಕಿನ ಮೂತಿ ಮೇಲೇಳುತ್ತದೆ. ಒಂದೇ ಡಿಗ್ರಿ ಎದ್ದರೂ ಐದು ಮೀಟರ್ ದೂರದಲ್ಲಿ ಬೆಳಕು ಸುಮಾರು 9 ಸೆಂ.ಮೀ. ಮೇಲೆ ಹೋಗುತ್ತದೆ. ಖರ್ಚಿಲ್ಲದೆ ಮನೆಯಲ್ಲೇ ಸರಿಪಡಿಸಬಹುದು. ಟೈರಿಗೆ ಗಾಳಿ ಸರಿಯಾಗಿ ಹಾಕಿಸಿ. ಸಮತಟ್ಟಾದ ಜಾಗದಲ್ಲಿ ಗೋಡೆಗೆ ಎದುರಾಗಿ ಐದು ಮೀಟರ್ ದೂರದಲ್ಲಿ ಬೈಕ್ ನಿಲ್ಲಿಸಿ. ನೀವೂ ಮನೆಯವರೂ ಎಂದಿನಂತೆ ಕೂತು, ಸ್ಟ್ಯಾಂಡ್ ತೆಗೆದು ನೇರ ಹಿಡಿಯಿರಿ. ಮೂರನೆಯವರೊಬ್ಬರು ಹೆಡ್‌ಲೈಟಿನ ನಡುಬಿಂದು ನೆಲದಿಂದ ಎಷ್ಟು ಎತ್ತರ ಇದೆ ಎಂದು ಅಳೆದು, ಅಷ್ಟೇ ಎತ್ತರದಲ್ಲಿ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆಯಲಿ, ಅದರ 5 ಸೆಂ.ಮೀ. ಕೆಳಗೆ ಇನ್ನೊಂದು. ಲೋ ಬೀಮಿನ ಮೇಲಂಚು ಕೆಳಗಿನ ಗೆರೆಗೆ ಬರುವವರೆಗೆ ಡೂಮಿನ ಸ್ಕ್ರೂ ತಿರುಗಿಸಿ. ಇಬ್ಬರು ಕೂರುವಾಗ ಮಾತ್ರ ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರಿಲೋಡ್ ಒಂದು ಮೆಟ್ಟಿಲು ಏರಿಸಿದರೆ ಒಬ್ಬರೇ ಹೋಗುವಾಗಿನ ವ್ಯತ್ಯಾಸವೂ ಕಡಿಮೆಯಾಗುತ್ತದೆ.

ಪ್ರಶ್ನೆ: ವಯಸ್ಸು 63. ಎದುರಿನ ದೀಪಗಳ ಸುತ್ತ ಬಳೆಯಂತೆ ಕಾಣುತ್ತದೆ, ಗಾಡಿ ದಾಟಿ ಹೋದ ಮೇಲೂ ಸ್ವಲ್ಪ ಹೊತ್ತು ಏನೂ ತೋಚುವುದಿಲ್ಲ. ಯಾವ ಲೈಟ್ ಹಾಕಿಸಲಿ?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಸರ್, ದಯವಿಟ್ಟು ಮೊದಲು ಕಣ್ಣಿನ ವೈದ್ಯರಿಗೆ ತೋರಿಸಿ. ನೀವು ಹೇಳಿದ ಲಕ್ಷಣ ಕಣ್ಣಿನ ಪೊರೆಯದ್ದಿರಬಹುದು, ಅದನ್ನು ಯಾವ ಬಲ್ಬೂ ಸರಿಮಾಡುವುದಿಲ್ಲ. ಜೊತೆಗೆ ಹೆಲ್ಮೆಟ್ಟಿನ ವೈಸರ್ ಬದಲಿಸಿ. ಗೀರು ಬಿದ್ದ ವೈಸರ್ ಒಂದು ದೀಪವನ್ನು ನೂರು ಮಾಡುತ್ತದೆ. ಕಪ್ಪು ಬಣ್ಣದ್ದಾದರೆ ರಾತ್ರಿ ಬಳಸಲೇಬೇಡಿ. ಪರೀಕ್ಷೆ ಆಗುವವರೆಗೆ ಕತ್ತಲಾದ ಮೇಲೆ ಬೈಕ್ ತೆಗೆಯಬೇಡಿ.

ಪ್ರಶ್ನೆ: ಹಗಲೂ ಉರಿಯುವ ಹೆಡ್‌ಲೈಟಿಗೆ ಆಫ್ ಸ್ವಿಚ್ ಹಾಕಿಸಬಹುದೇ?
— ವಿದ್ಯಾರ್ಥಿ, ತುಮಕೂರು

ಉತ್ತರ: ಹಾಕಿಸಬೇಡಿ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಇದು ಕಡ್ಡಾಯ. ಅದು ಉರಿಯುವುದು ನೀವು ನೋಡಲೆಂದಲ್ಲ, ಲಾರಿ ಚಾಲಕರ ಕನ್ನಡಿಯಲ್ಲಿ ನೀವು ಕಾಣಲೆಂದು.

ಪ್ರಶ್ನೆ: ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ತೀರಾ ಹತ್ತಿರ ಹೋದ ಮೇಲೆ ಕಾಣುತ್ತವೆ. ಎಷ್ಟು ವಾಟಿನ ಲೈಟ್ ಬೇಕು?
— ಔಷಧ ಮಾರಾಟ ಪ್ರತಿನಿಧಿ, ಮುಧೋಳ

ಉತ್ತರ: ಇದಕ್ಕೆ ವಾಟಿನಲ್ಲಿ ಉತ್ತರವಿಲ್ಲ, ವೇಗದಲ್ಲಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ನೀವು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತೀರಿ. ಕಂಡು, ಅರಿತು, ಬ್ರೇಕ್ ಒತ್ತುವ ಹೊತ್ತಿಗೆ ಒಂದೂವರೆ ಸೆಕೆಂಡ್ ಕಳೆದರೆ 25 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 23 ಮೀಟರ್. ಒಟ್ಟು ಐವತ್ತರ ಹತ್ತಿರ. 80ರಲ್ಲಿ ಅದು 75 ಮೀಟರ್ ಆಸುಪಾಸು ಹೋಗುತ್ತದೆ. ಸಾಧಾರಣ ಲೋ ಬೀಮಿನಲ್ಲಿ ಮಾಸಿದ ಕಬ್ಬಿನ ಹೇರಿನಂಥ ಬಣ್ಣವಿಲ್ಲದ ವಸ್ತು ಅಷ್ಟು ದೂರಕ್ಕೆ ಕಾಣುವುದಿಲ್ಲ. ಎದುರು ಯಾರೂ ಇಲ್ಲದಾಗ ಹೈ ಬೀಮ್ ಬಳಸಿ, ಗಾಡಿ ಬಂದಾಗ ಡಿಮ್ ಮಾಡುವುದರ ಜೊತೆಗೆ ವೇಗವನ್ನೂ ಇಳಿಸಿ. ಹಂಗಾಮಿನ ತಿಂಗಳುಗಳಲ್ಲಿ ರಾತ್ರಿ 50 ದಾಟಬೇಡಿ ಎಂದೇ ಹೇಳುತ್ತೇನೆ.

ಪರಿಹಾರದ ಉಳಿದ ಅರ್ಧ ಟ್ರ್ಯಾಕ್ಟರ್ ಮಾಲೀಕರ ಕೈಯಲ್ಲಿದೆ. ಈ ಅಂಕಣ ಓದುವ ರೈತ ಬಂಧುಗಳಲ್ಲಿ, ಸಕ್ಕರೆ ಕಾರ್ಖಾನೆಗಳ ಸಿಬ್ಬಂದಿಯಲ್ಲಿ ನನ್ನ ವಿನಂತಿ: ಈ ಹಂಗಾಮಿನ ಮೊದಲ ಹೇರು ಹೊರಡುವ ಮುನ್ನ ಟ್ರೇಲರಿನ ಹಿಂಭಾಗಕ್ಕೆ ಕೆಂಪು, ಎರಡೂ ಮಗ್ಗುಲಿಗೆ ಹಳದಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಕಬ್ಬು ಜೋತುಬಿದ್ದು ಅದನ್ನು ಮುಚ್ಚದಂತೆ ನೋಡಿಕೊಳ್ಳಿ.