ಹೆರಿಗೆ ಬೇನೆಯಲ್ಲಿ ನೀರಿಗೂ ಅಳತೆ



ಹೆರಿಗೆ ಕೋಣೆಯಲ್ಲಿ ಮಗಳ ಪಕ್ಕ ಕುಳಿತ ತಾಯಿಯ ಒಂದು ಕೈಯಲ್ಲಿ ಜಪಸರ, ಇನ್ನೊಂದರಲ್ಲಿ ನೀರಿನ ಲೋಟ. "ಇನ್ನೂ ಸ್ವಲ್ಪ ಕುಡಿ, ಶಕ್ತಿ ಬರುತ್ತೆ." ಒತ್ತಾಯ ಪ್ರೀತಿಯದೇ, ಆದರೆ ಅದರಲ್ಲಿ ಅಪಾಯವೂ ಇದೆ.

ಬೇನೆ ತರಿಸುವ ಆಕ್ಸಿಟೋಸಿನ್ ಹಾರ್ಮೋನು ಮೂತ್ರವನ್ನೂ ತಡೆಯುತ್ತದೆ. ಬೇನೆ ಹೆಚ್ಚಿಸಲು ಡ್ರಿಪ್‌ನಲ್ಲಿ ಕೊಡುವುದೂ ಇದನ್ನೇ. ಕುಡಿದ ನೀರು ಹೊರಹೋಗದೆ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ತಡವರಿಸುವ ಮಾತು, ಮಿತಿಮೀರಿದರೆ ಫಿಟ್ಸ್. ಬರೀ ಹೆರಿಗೆಯ ಸುಸ್ತೆಂದು ಮನೆಯವರು ಸುಮ್ಮನಿರುವುದುಂಟು. ಮಗುವಿನ ರಕ್ತದಲ್ಲೂ ಸೋಡಿಯಂ ಇಳಿಯುತ್ತದೆ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಹೆರಿಗೆಯ ವೇಳೆ ಎರಡೂವರೆ ಲೀಟರಿಗಿಂತ ಹೆಚ್ಚು ದ್ರವ ಪಡೆದ ತಾಯಂದಿರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗಿತ್ತು.

ಪ್ರೀತಿಗೆ ಅಳತೆಯಿಲ್ಲ, ಅದರ ಹೊರಗಿನ ಕ್ರಿಯೆಗಳಿಗೆ ಅಳತೆ ಬೇಕು ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಸೆಮಿನರಿಯಲ್ಲಿ ಓದಿದಾಗ ನೀರಿನ ಲೋಟ ನನಗೆ ನೆನಪಾಗಿರಲಿಲ್ಲ!

ಹಾಗೆಂದು ಬಾಯಾರಿದವಳಿಗೆ ನೀರು ನಿರಾಕರಿಸಬೇಡಿ. ದಾಹವಾದಾಗ ಗುಟುಕು ಗುಟುಕಾಗಿ ಕೊಡಿ, ದಾಹವಿಲ್ಲದಾಗ ಒತ್ತಾಯ ಬೇಡ. ಎಷ್ಟು ಲೋಟವಾಯಿತೆಂದು ಗುರುತಿಟ್ಟು ನರ್ಸಮ್ಮನಿಗೆ ತಿಳಿಸಿ. ಡ್ರಿಪ್‌ನ ನೀರೂ ಲೆಕ್ಕಕ್ಕೆ ಸೇರುತ್ತದೆ. ತಲೆನೋವೆಂದರೆ, ಮಾತು ತಡವರಿಸಿದರೆ, ಲೋಟ ಕೆಳಗಿಟ್ಟು ತಕ್ಷಣ ಡಾಕ್ಟರನ್ನು ಕರೆಯಿರಿ.