ಕಣ್ಣಿಗೆ ಟ್ಯೂಬ್ ಹಾಕಿದ ಮೇಲೂ ಡ್ರಾಪ್ಸ್ ಬಿಡಬೇಡಿ

ಗ್ಲಾಕೋಮಾಗೆ ಟ್ಯೂಬ್ ಆಪರೇಷನ್ ಆಗಿ ಮನೆಗೆ ಹೊರಡುವ ದಿನ ಕಡೆಯವರು ಕೇಳುವ ಮೊದಲ ಮಾತು: "ಸಿಸ್ಟರ್, ಇನ್ನು ಡ್ರಾಪ್ಸ್ ಬೇಡ ತಾನೆ?" ಬೇಕು. ಏಕೆಂದು ತಿಳಿದುಕೊಂಡರೆ ತಾವು ಮರೆಯುವುದಿಲ್ಲ.

ಕಣ್ಣಿನೊಳಗೆ ಸದಾ ತಿಳಿನೀರು ಊರುತ್ತಿರುತ್ತದೆ. ಇದು ಕಣ್ಣೀರಲ್ಲ. ಅದು ಹೊರಹೋಗುವ ಸಣ್ಣ ದಾರಿ ಕಟ್ಟಿಕೊಂಡರೆ ಒತ್ತಡ ಏರಿ, ನೋಟದ ನರ ಸವೆಯುತ್ತದೆ. ಸಾಮಾನ್ಯವಾಗಿ ಒತ್ತಡ 10ರಿಂದ 21ರೊಳಗಿರುತ್ತದೆ. ಡ್ರಾಪ್ಸ್, ಲೇಸರ್, ಮೊದಲ ಆಪರೇಷನ್ ಯಾವುದಕ್ಕೂ ಬಗ್ಗದಿದ್ದಾಗ, ಕೆರೆಗೆ ತೂಬು ಇಟ್ಟ ಹಾಗೆ, ವೈದ್ಯರು ಕಣ್ಣಿಗೆ ಟ್ಯೂಬ್ ಇಡುತ್ತಾರೆ. ಅದರ ಒಂದು ತುದಿ ಕಣ್ಣಿನೊಳಗಿರುತ್ತದೆ. ಇನ್ನೊಂದು ತುದಿಗೆ ಸೇರಿದ ಪುಟ್ಟ ಬಿಲ್ಲೆಯನ್ನು ಕಣ್ಣಿನ ಬಿಳಿಭಾಗದ ಮೇಲೆ, ಹಿಂದಕ್ಕೆ, ಹೊರಗೆ ಕಾಣದಂತೆ ಹೊಲಿದಿರುತ್ತಾರೆ.

ಇದರಲ್ಲಿ ಎರಡು ಬಗೆ. ಅಹ್ಮದ್ ಎಂಬುದರಲ್ಲಿ ವಾಲ್ವ್ ಇದೆ, ಅಂದೇ ಕೆಲಸ ಶುರು. ಮಧುರೈನ ಆರೋಲ್ಯಾಬ್‌ನವರು 2013ರಿಂದ ಕೊಡುತ್ತಿರುವ, ಬೆಲೆ ಕಡಿಮೆಯಿರುವ 'ಎ.ಎ.ಡಿ.ಐ.'ಯಲ್ಲಿ ವಾಲ್ವ್ ಇಲ್ಲ. ಹಾಗೇ ಬಿಟ್ಟರೆ ನೀರೆಲ್ಲ ಒಮ್ಮೆಲೇ ಹರಿದು ಕಣ್ಣು ಕುಗ್ಗೀತು. ಅದಕ್ಕಾಗಿ ಟ್ಯೂಬನ್ನು ಕರಗುವ ದಾರದಿಂದ ಬಿಗಿದು ಕಟ್ಟಿರುತ್ತಾರೆ. ಆ ದಾರ ಕರಗಲು ಸುಮಾರು 5-6 ವಾರ ಬೇಕು. ಅಷ್ಟರಲ್ಲಿ ಬಿಲ್ಲೆಯ ಸುತ್ತ ತೆಳುವಾದ ಪೊರೆ ಬೆಳೆದು, ನೀರನ್ನು ನಿಧಾನವಾಗಿ ಬಿಡುತ್ತದೆ.

ಅಂದರೆ ಆ 5-6 ವಾರ ತೂಬು ಮುಚ್ಚಿಯೇ ಇದೆ! ನರವನ್ನು ಕಾಯುವುದು ಡ್ರಾಪ್ಸ್ ಮತ್ತು ಮಾತ್ರೆ ಮಾತ್ರ. "ಇಷ್ಟು ಖರ್ಚು ಮಾಡಿದರೂ ಪ್ರೆಶರ್ ಇಳಿದಿಲ್ಲ" ಎಂದು ಬೇಸರದಿಂದ ಬಿಟ್ಟುಬಿಟ್ಟರೆ, ಆ ದಿನಗಳಲ್ಲಿ ಹೋದ ನೋಟ ಮತ್ತೆ ಬರುವುದಿಲ್ಲ. ಯಾವ ಟ್ಯೂಬೂ ಹೋದ ನೋಟವನ್ನು ತರುವುದಿಲ್ಲ, ಉಳಿದದ್ದನ್ನು ಉಳಿಸುತ್ತದೆ ಅಷ್ಟೆ. ವಾಲ್ವ್ ಇರುವವರಿಗೂ ಕೆಲವು ವಾರಗಳ ನಂತರ ಒತ್ತಡ ಏರುವುದುಂಟು. ಆದ್ದರಿಂದ ಯಾವ ಬಾಟಲಿ ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ಹೇಳಲಿ.

ಊತಕ್ಕೆ ಹಾಕುವ ಡ್ರಾಪ್ಸ್ ಬೇರೆ, ಒತ್ತಡದ್ದು ಬೇರೆ. ಓದಲು ಬಾರದ ಅಜ್ಜ ಅಜ್ಜಿಯರಿಗೆ ಒತ್ತಡದ ಬಾಟಲಿಗೆ ಒಂದು ದಾರ ಸುತ್ತಿಕೊಡಿ, ಕೈಗೆ ತಿಳಿಯುತ್ತದೆ. ಒಂದು ಹಾಕಿದ ಮೇಲೆ 5 ನಿಮಿಷ ಬಿಟ್ಟು ಇನ್ನೊಂದು.

ದಾರ ಕರಗಿದಾಗ ಒತ್ತಡ ತಟ್ಟನೆ ಇಳಿದು ನೋಟ ಮಸುಕಾಗಬಹುದು. ನೋಟ ಮಸುಕಾದರೆ, ನೋವು, ಕೆಂಪು, ಕೀವು ಕಂಡರೆ, ಅಥವಾ ಕಣ್ಣಿನ ಮೇಲೆ ಟ್ಯೂಬ್ ತೆರೆದು ಕಂಡರೆ ಅಂದೇ ಬನ್ನಿ. ಆಪರೇಷನ್ ಆಗಿ ವರ್ಷಗಳೇ ಕಳೆದಿದ್ದರೂ ಸರಿ. ಹರದನಹಳ್ಳಿ ಕಡೆಯವರು ಸಂತೆ ದಿನ ಬಂದಾಗ ತೋರಿಸೋಣ ಎನ್ನಬೇಡಿ. ಬರುವಾಗ ಮನೆಯಲ್ಲಿರುವ ಎಲ್ಲ ಬಾಟಲಿ, ಖಾಲಿಯಾದದ್ದೂ ಸೇರಿ, ಒಂದು ಕವರಿನಲ್ಲಿ ಹಾಕಿ ತನ್ನಿ.